ಕುಡಿತ ಬಿಟ್ಟ ದಿನ ಎಣಿಸುವ ಆಪ್: ಎಣಿಕೆ ಚೆನ್ನಾಗಿದೆ, ಆ ಸೊನ್ನೆ ಬೇಡ

ಕುಡಿತ ಬಿಡುವವರಿಗೆ ದಿನ ಎಣಿಸಿಕೊಡುವ ಆಪ್‌ಗಳು ಈಗ ಬೇಕಾದಷ್ಟಿವೆ. ಅಂಥದ್ದೊಂದನ್ನು ಕೆಲವು ತಿಂಗಳಿಂದ ಬಳಸುತ್ತಿದ್ದೇನೆ. ಹೆಸರು ಹೇಳುವುದಿಲ್ಲ, ನನ್ನ ತಕರಾರು ಒಂದೇ ಆಪ್ ಮೇಲಿನದ್ದಲ್ಲ.

ಮೊದಲು ಹಿಡಿಸಿದ್ದು. ಬೆಳಗ್ಗೆ ಎದ್ದು ನೋಡಿದರೆ ಅಂಕಿ ಒಂದು ಜಾಸ್ತಿ ಆಗಿರುತ್ತದೆ, ಶುರುವಿನ ವಾರಗಳಲ್ಲಿ ಅಷ್ಟೇ ಸಾಕು ಧೈರ್ಯಕ್ಕೆ. ಕುಡಿಯಬೇಕು ಅನ್ನಿಸಿದಾಗ ಒತ್ತಲು ಒಂದು ಬಟನ್ ಇದೆ. ಹಸಿವಾ, ಸಿಟ್ಟಾ, ಒಂಟಿತನವಾ, ಸುಸ್ತಾ ಅಂತ ಕೇಳುತ್ತದೆ. ಕುಡಿತ ಬಿಟ್ಟವರ ಗುಂಪುಗಳಲ್ಲಿ ಬಹಳ ಕಾಲದಿಂದ ಕೇಳುವ ಪ್ರಶ್ನೆಗಳೇ ಇವು. ಎಷ್ಟೋ ಸಂಜೆ ಉತ್ತರ ಬರೀ ಹಸಿವು. ಏನಾದರೂ ತಿಂದರೆ ಆಸೆ ಅರ್ಧ ಇಳಿಯುತ್ತದೆ.

ತೊಂದರೆ ಇರುವುದು ಜಾರಿದ ದಿನ. ಒಂದು ಲೋಟ ಕುಡಿದೆ ಅಂತ ಒತ್ತಿದರೆ ಸಾಕು, ಕೌಂಟರ್ ಸೊನ್ನೆಗೆ ಬರುತ್ತದೆ, ಪದಕಗಳೆಲ್ಲ ಮಾಯ, ‘ಮತ್ತೆ ಮೊದಲಿಂದ ಶುರು ಮಾಡಿ’ ಅನ್ನುವ ಸಾಲು ಬರುತ್ತದೆ. ತಲೆ ಸಿಡಿಯುತ್ತಾ, ಮನೆಯವರ ಮುಖ ನೋಡಲಾಗದೆ ಕೂತವರಿಗೆ ತೋರಿಸುವುದು ಇದನ್ನಾ?

ಅಲನ್ ಮಾರ್ಲಾಟ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞರು 1980ರ ದಶಕದಲ್ಲೇ ಇದನ್ನು ಬಿಡಿಸಿ ಹೇಳಿದ್ದರು. ಒಮ್ಮೆ ಜಾರುವುದು ಬೇರೆ, ಹಳೆಯ ಕುಡಿತಕ್ಕೇ ಮರಳುವುದು ಬೇರೆ. ಆ ಮೊದಲ ಲೋಟಕ್ಕೆ ನಾವು ಯಾವ ಕಾರಣ ಕೊಟ್ಟುಕೊಳ್ಳುತ್ತೇವೆ ಅನ್ನುವುದರ ಮೇಲೆ ಮುಂದಿನದು ಬಹಳಷ್ಟು ನಿಂತಿರುತ್ತದೆ. ‘ಆ ಸಂಜೆ ಆ ಜಾಗಕ್ಕೆ ಹೋಗಬಾರದಿತ್ತು’ ಅಂದುಕೊಂಡವರು ಅಲ್ಲಿಗೇ ನಿಲ್ಲಿಸಬಹುದು. ‘ನಾನು ಇಷ್ಟೇ, ಉದ್ಧಾರ ಆಗುವವನಲ್ಲ’ ಅಂದುಕೊಂಡವರಿಗೆ ಆ ನಾಚಿಕೆ ತಡೆಯಲಾಗುವುದಿಲ್ಲ, ಅದನ್ನು ಮರೆಯಲು ಗೊತ್ತಿರುವ ದಾರಿ ಮತ್ತೆ ಬಾಟಲಿಯೇ. ಹೇಗೂ ಸೊನ್ನೆ ಆಯ್ತಲ್ಲ, ಇವತ್ತು ಕುಡಿದು ನಾಳೆಯಿಂದ ನೋಡೋಣ ಅನ್ನುವ ಲೆಕ್ಕ ಅಲ್ಲಿಂದಲೇ ಹುಟ್ಟುತ್ತದೆ. ಕುಡಿಯದ ದಿನಗಳಲ್ಲಿ ನಿದ್ದೆ ಸುಧಾರಿಸಿದ್ದು, ಲಿವರ್‌ಗೆ ಬಿಡುವು ಸಿಕ್ಕಿದ್ದು, ‘ನನಗೆ ಬೇಡ’ ಅಂತ ಹೇಳಲು ಕಲಿತದ್ದು, ಇವೆಲ್ಲ ಒಂದು ಲೋಟಕ್ಕೆ ಅಳಿಸಿಹೋಗುತ್ತವಾ? ಆಪ್ ಮಾತ್ರ ಅಳಿಸಿಬಿಡುತ್ತದೆ.

‘ನಿಮ್ಮನ್ನು ನೀವೇ ಕ್ಷಮಿಸಿ’ ಅನ್ನುವ ವಿಭಾಗವೂ ಇದೆ. ಅದರಲ್ಲಿ ಒಂದು ಅಭ್ಯಾಸ ತುಂಬಾ ಚೆನ್ನಾಗಿದೆ: ಇದೇ ಕಷ್ಟದಲ್ಲಿರುವ ಗೆಳೆಯನಿಗೆ ಬರೆಯುವ ಹಾಗೆ ನಿಮಗೇ ಒಂದು ಪತ್ರ ಬರೆಯುವುದು. ಸೆಲ್ಫ್ ಕಂಪ್ಯಾಶನ್, ಅಂದರೆ ತನ್ನ ಮೇಲೆ ತಾನೇ ಕರುಣೆ ಇಡುವುದರ ಬಗ್ಗೆ ಸಂಶೋಧನೆ ಮಾಡಿದ ಕ್ರಿಸ್ಟಿನ್ ನೆಫ್ 2003ರಲ್ಲಿ ಮೂರು ಅಂಶ ಮುಂದಿಟ್ಟಿದ್ದರು. ತನ್ನ ಜೊತೆ ಮೃದುವಾಗಿರುವುದು, ಇದು ನನ್ನೊಬ್ಬನ ಪಾಡಲ್ಲ ಅಂತ ಅರಿಯುವುದು, ನೋವನ್ನು ಮುಚ್ಚದೆ, ಹಿಗ್ಗಿಸದೆ ಇದ್ದ ಹಾಗೆ ನೋಡುವುದು. ಆ ಪತ್ರದಲ್ಲಿ ಮೂರೂ ತಾವಾಗೇ ಬರುತ್ತವೆ, ಯಾಕೆಂದರೆ ಗೆಳೆಯನನ್ನು ನಾವು ಬೈದು ಕೊಲ್ಲುವುದಿಲ್ಲ, ಸುಳ್ಳು ಹೇಳಿ ಸಮಾಧಾನವನ್ನೂ ಮಾಡುವುದಿಲ್ಲ. ಆದರೆ ಪತ್ರ ಮುಗಿದ ಕೂಡಲೇ ‘ನೀವು ಅದ್ಭುತ ವ್ಯಕ್ತಿ’ ಅನ್ನುವ ಸಿದ್ಧ ಸಾಲುಗಳು ಸುರಿಯುತ್ತವೆ. ಅವು ನನಗೆ ಹಿಡಿಸಲಿಲ್ಲ. ನಿನ್ನೆ ಹೆಂಡತಿಗೆ ಸುಳ್ಳು ಹೇಳಿದವನಿಗೆ ಅದ್ಭುತ ಅನ್ನಿಸಿಕೊಳ್ಳುವುದರಿಂದ ಏನೂ ಹಗುರಾಗುವುದಿಲ್ಲ, ಅವಳ ಹತ್ತಿರ ಹೋಗಿ ನಿಜ ಹೇಳಿದರೆ ಸ್ವಲ್ಪ ಆಗುತ್ತದೆ. 1935ರಲ್ಲಿ ಶುರುವಾದ, ಕುಡಿತ ಬಿಡುವವರೇ ಸೇರಿ ನಡೆಸುವ ಗುಂಪು ಆಲ್ಕೊಹಾಲಿಕ್ಸ್ ಅನಾನಿಮಸ್‌ನ 12 ಹೆಜ್ಜೆಗಳಲ್ಲಿ 8 ಮತ್ತು 9ನೆಯವು ಈ ಕೆಲಸಕ್ಕೇ ಇವೆ: ನೋಯಿಸಿದವರ ಪಟ್ಟಿ ಮಾಡಿ, ಅವರಿಗಾಗಲಿ ಬೇರೆಯವರಿಗಾಗಲಿ ಇನ್ನಷ್ಟು ನೋವಾಗುವಂತಿಲ್ಲದಿದ್ದರೆ ಹೋಗಿ ಸರಿಪಡಿಸಿ. ಆಪ್‌ನಲ್ಲಿ ಇದಕ್ಕೆ ಜಾಗವೇ ಇಲ್ಲ.

ನಿಜವಾಗಿಯೂ ಸಿಟ್ಟು ಬಂದದ್ದು ಶುರುವಿನ ಪುಟ ನೋಡಿ. ಬಿಟ್ಟ ತಾರೀಖು ಕೇಳುತ್ತದೆ, ದಿನಕ್ಕೆಷ್ಟು ಕುಡಿಯುತ್ತಿದ್ದಿರಿ ಅಂತ ಕೇಳುವುದಿಲ್ಲ. ಬಹಳ ಕಾಲ ದಿನವೂ ಜಾಸ್ತಿ ಕುಡಿದವರು ಏಕಾಏಕಿ ನಿಲ್ಲಿಸಿದರೆ ಕೈ ನಡುಕ, ಬೆವರು ಶುರುವಾಗುತ್ತದೆ, ಮೊದಲ 2 ದಿನಗಳಲ್ಲಿ ಫಿಟ್ಸ್ ಬರಬಹುದು, ಆಮೇಲೆ ಇಲ್ಲದ್ದೆಲ್ಲ ಕಾಣಿಸಿ ಜೀವಕ್ಕೇ ಅಪಾಯ ಆಗಬಹುದು. ಅಂಥವರು ಮೊದಲು ಡಾಕ್ಟರನ್ನು ನೋಡಬೇಕು. ಆಸೆ ತಗ್ಗಿಸಲು, ಬಿಟ್ಟ ಮೇಲೆ ಹಾಗೇ ಉಳಿಯಲು ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್‌ನಂಥ ಮಾತ್ರೆಗಳಿವೆ. ಮಾತ್ರೆ ತಗೊಂಡು ಬಿಟ್ಟರೆ ಅದು ಮನಸ್ಸು ಗಟ್ಟಿಯಿಲ್ಲದವರ ದಾರಿ ಅಂತ ಸುಮ್ನೆ ತಮ್ಮನ್ನೇ ಹಳಿದುಕೊಳ್ಳುವವರು ತುಂಬಾ ಜನ ಇದ್ದಾರೆ, ಅವರಿಗಾದರೂ ಆಪ್ ಒಂದು ಮಾತು ಹೇಳಬಹುದಿತ್ತು ಅಲ್ವಾ.

ಐದಕ್ಕೆ ಮೂರು ಸ್ಟಾರ್. ಬಳಸುವುದಾದರೆ ಸೆಟ್ಟಿಂಗ್ಸ್‌ನಲ್ಲಿ ‘ಸತತ ದಿನ’ ತೆಗೆದು ‘ಈ ವರ್ಷ ಕುಡಿಯದ ಒಟ್ಟು ದಿನ’ ಆರಿಸಿಕೊಳ್ಳಿ, ತೀರಾ ಕೆಳಗಿದೆ, ಹುಡುಕಬೇಕು. ನೋಟಿಫಿಕೇಶನ್ ಬೆಳಗ್ಗೆಯಿಂದ ಸಂಜೆಗೆ ಬದಲಾಯಿಸಿ. ನನಗೆ ಆಸೆ ಜಾಸ್ತಿ ಆಗುವುದು ಆಗಲೇ.