ಎಚ್‌ಟಿಎಂಎಲ್ ಕಲಿಕೆಯ ಮೊದಲ ತಿಂಗಳಿಗೆ ನೋಟ್‌ಪ್ಯಾಡ್ ಪ್ಲಸ್ ಪ್ಲಸ್: ಒಂದು ವಿಮರ್ಶೆ

ವೆಬ್ ಪುಟ ಬರೆಯುವ ಭಾಷೆಯಾದ ಎಚ್‌ಟಿಎಂಎಲ್ ಕಲಿಯಲು ಕೂತ ರಾಯಚೂರಿನ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ವಿಂಡೋಸ್ ಜೊತೆಗೇ ಬರುವ ನೋಟ್‌ಪ್ಯಾಡ್‌ನಿಂದ ಆರಂಭಿಸುತ್ತಾರೆ, ಇಲ್ಲವೇ ಯಾರೋ ಹೇಳಿದರೆಂದು ನೇರವಾಗಿ ವಿಎಸ್ ಕೋಡ್ ಎಂಬ ದೊಡ್ಡ ಕೋಡ್ ಎಡಿಟರನ್ನು (ಕೋಡ್ ಬರೆಯುವ ತಂತ್ರಾಂಶ) ಹಾಕಿಕೊಳ್ಳುತ್ತಾರೆ. ಇವೆರಡರ ನಡುವಿನ ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಹೊಸಬರಿಗೆ ಹೆಚ್ಚು ಸೂಕ್ತವೆಂಬುದು ನನ್ನ ಅಭಿಪ್ರಾಯ. 2003ರಿಂದ ಬಳಕೆಯಲ್ಲಿರುವ ಈ ಎಡಿಟರ್ ಸಂಪೂರ್ಣ ಉಚಿತ. ಕೆಲವೇ ಎಂಬಿ ಗಾತ್ರದ್ದಾದ ಕಾರಣ ಹಳೆಯ ಕಂಪ್ಯೂಟರಿನಲ್ಲೂ ತಡವರಿಸದೆ ಓಡುತ್ತದೆ.

ಸಾದಾ ನೋಟ್‌ಪ್ಯಾಡ್‌ನ ತೊಂದರೆ ಕಡತ ಉಳಿಸುವಾಗಲೇ ಶುರುವಾಗುತ್ತದೆ. ‘ಸೇವ್ ಆ್ಯಸ್ ಟೈಪ್’ನಲ್ಲಿ ‘ಆಲ್ ಫೈಲ್ಸ್’ ಆರಿಸದಿದ್ದರೆ ಹೆಸರಿನ ಕೊನೆಗೆ ‘ಡಾಟ್ ಟಿಎಕ್ಸ್‌ಟಿ’ ಸೇರಿಕೊಳ್ಳುತ್ತದೆ. ವಿಂಡೋಸ್ ಅದನ್ನು ಮರೆಮಾಡುವುದರಿಂದ, ಕ್ಲಿಕ್ ಮಾಡಿದಾಗ ಬ್ರೌಸರಿನ ಬದಲು ನೋಟ್‌ಪ್ಯಾಡೇ ಮತ್ತೆ ತೆರೆದುಕೊಳ್ಳುವುದೇಕೆಂದು ಕಲಿಯುವವರಿಗೆ ತಿಳಿಯುವುದಿಲ್ಲ. ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಕಷ್ಟವಿದೆ. 2019ರ ವಿಂಡೋಸ್ 10 ಅಪ್‌ಡೇಟ್‌ಗಿಂತ ಹಿಂದಿನ ನೋಟ್‌ಪ್ಯಾಡ್ ಮೊದಲು ಆರಿಸಿಕೊಳ್ಳುತ್ತಿದ್ದುದು ಕನ್ನಡ ಅಕ್ಷರಗಳಿಗೆ ಜಾಗವಿಲ್ಲದ ಆ್ಯನ್ಸಿ ಎನ್‌ಕೋಡಿಂಗ್ (ಅಕ್ಷರಗಳನ್ನು ಕಡತದಲ್ಲಿ ಸಂಕೇತಗಳಾಗಿ ಉಳಿಸುವ ವಿಧಾನ). ಅದು ತೋರಿಸುವ ಎಚ್ಚರಿಕೆಯನ್ನು ಓದದೆ ಓಕೆ ಒತ್ತಿದರೆ ಕನ್ನಡ ಅಕ್ಷರಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ. ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಹೊಸ ಕಡತವನ್ನು ಕನ್ನಡವನ್ನೂ ಉಳಿಸಬಲ್ಲ ಯುಟಿಎಫ್-8 ಎನ್‌ಕೋಡಿಂಗ್‌ನಲ್ಲೇ ತೆರೆಯುತ್ತದೆ, ಎನ್‌ಕೋಡಿಂಗ್ ಯಾವುದೆಂಬುದನ್ನು ಕೆಳಗಿನ ಪಟ್ಟಿಯಲ್ಲಿ ತೋರಿಸುತ್ತದೆ. (‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ, ಯುನಿಕೋಡ್ ಅಲ್ಲದ ಅಕ್ಷರಗಳಲ್ಲಿ ಟೈಪ್ ಮಾಡಿದ್ದು ಮಾತ್ರ, ಅದರ ಫಾಂಟ್ ಇಲ್ಲದಿದ್ದರೆ ಯಾವ ಎಡಿಟರಿನಲ್ಲೂ ಕನ್ನಡವಾಗಿ ಕಾಣದು.)

ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ್ದು, ಇದು ತೋರಿಸಬೇಕಾದಷ್ಟನ್ನು ತೋರಿಸಿ ಉಳಿದದ್ದನ್ನು ವಿದ್ಯಾರ್ಥಿಗೇ ಬಿಡುವ ರೀತಿ. ಮಸ್ಕಿಯ ಅಶೋಕನ ಶಾಸನದ ಬಗ್ಗೆ ಪುಟ ಮಾಡುವ ಹುಡುಗಿಯೊಬ್ಬಳು ಊರಿನ ಹೆಸರನ್ನು ದಪ್ಪಗೆ ಕಾಣಿಸಲು ‘ಬಿ’ ಟ್ಯಾಗ್ (ದಪ್ಪಕ್ಷರ ಶುರುವಾಗುವ ಗುರುತು) ಹಾಕಿ ಅದನ್ನು ಮುಚ್ಚುವ ಜೋಡಿ ಟ್ಯಾಗ್ ಹಾಕಲು ಮರೆತರೆ, ಪುಟದ ಕೊನೆಯವರೆಗೂ ಅಕ್ಷರಗಳು ದಪ್ಪವಾಗಿಯೇ ಉಳಿಯುತ್ತವೆ. ಕರ್ಸರನ್ನು ಆ ಟ್ಯಾಗಿನ ಮೇಲಿಟ್ಟಾಗ ಜೋಡಿ ಇದ್ದರೆ ಎರಡಕ್ಕೂ ಬಣ್ಣ ಬರುತ್ತದೆ. ಬಾರದಿದ್ದರೆ ತಪ್ಪು ಅಲ್ಲೇ ಇದೆಯೆಂದು ಅವಳೇ ಕಂಡುಕೊಳ್ಳುತ್ತಾಳೆ. ವಿಎಸ್ ಕೋಡ್‌ನಲ್ಲಿ ಆಶ್ಚರ್ಯಸೂಚಕ ಚಿಹ್ನೆ ಹಾಕಿ ಟ್ಯಾಬ್ ಒತ್ತಿದರೆ ಪುಟದ ಇಡೀ ಚೌಕಟ್ಟು ಬಂದು ಕೂರುತ್ತದೆ, ಟ್ಯಾಗುಗಳೂ ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಕೆಲಸಕ್ಕೆ ಅದು ಅನುಕೂಲ, ಕಲಿಕೆಗೆ ಅಲ್ಲ.

ಬೇಸಿಗೆಯಲ್ಲಿ ಹೇಳದೆ ಕೇಳದೆ ಕರೆಂಟ್ ಹೋಗುವ ನಮ್ಮ ಕಡೆ, ಉಳಿಸದ ಬರಹಕ್ಕೂ ನೋಟ್‌ಪ್ಯಾಡ್ ಪ್ಲಸ್ ಪ್ಲಸ್ 7 ಸೆಕೆಂಡಿಗೊಮ್ಮೆ ಬ್ಯಾಕಪ್ ತೆಗೆದುಕೊಳ್ಳುವುದು ಸಣ್ಣ ಉಪಕಾರವೇನಲ್ಲ.

ಕೊರತೆಗಳೂ ಇವೆ. ವಿಂಡೋಸ್ ಬಿಟ್ಟರೆ ಬೇರೆಲ್ಲೂ ನೇರವಾಗಿ ನಡೆಯುವುದಿಲ್ಲ, ಮೆನುಗಳು ಕಿಕ್ಕಿರಿದಿವೆ, ಬದಲಾವಣೆ ಕಾಣಲು ಪ್ರತಿ ಸಲವೂ ಉಳಿಸಿ ಬ್ರೌಸರನ್ನು ರಿಫ್ರೆಶ್ ಮಾಡಬೇಕು. ಪುಟದ ಅಂದಕ್ಕೆ ಸಿಎಸ್‌ಎಸ್, ಚಟುವಟಿಕೆಗೆ ಜಾವಾಸ್ಕ್ರಿಪ್ಟ್ ಸೇರಿ ಕಡತಗಳು ಹೆಚ್ಚಿದಾಗ ವಿಎಸ್ ಕೋಡ್ ಮತ್ತು, ಉಳಿಸಿದೊಡನೆ ಬ್ರೌಸರನ್ನು ತಾನೇ ರಿಫ್ರೆಶ್ ಮಾಡುವ ಅದರ ಲೈವ್ ಸರ್ವರ್ ಎಕ್ಸ್‌ಟೆನ್ಶನ್‌ಗೆ ಹೋಗುವುದೇ ಸರಿ. ಆದರೆ ವಿಎಸ್ ಕೋಡ್‌ನ ಈಗಿನ ಆವೃತ್ತಿಗಳು ವಿಂಡೋಸ್ 7ರಲ್ಲಿ ನಡೆಯುವುದಿಲ್ಲ. ಅಲ್ಲಿಗೆ ಹೋದ ಮೇಲೂ, ಟ್ಯಾಗ್ ತಾನೇ ಮುಚ್ಚುವ ಸೌಲಭ್ಯವನ್ನು ಸೆಟ್ಟಿಂಗ್ಸ್‌ನಲ್ಲಿ ಕೆಲವು ದಿನ ಆಫ್ ಮಾಡಿಟ್ಟುಕೊಳ್ಳಬಹುದು.