ಸರ್ಕಾರಿ ಉಚಿತ ಕ್ಯಾನ್ಸರ್ ತಪಾಸಣೆ ಹೇಗಿದೆ? ಅಡಿಕೆ ಸೀಮೆಯಿಂದ ಒಂದು ರಿವ್ಯೂ

ಮೊದಲೇ ಹೇಳಿಬಿಡುತ್ತೇನೆ, ಸೇವೆ ಚೆನ್ನಾಗಿದೆ, ಹೋಗಿ ಮಾಡಿಸಿಕೊಳ್ಳಿ. ಮೂವತ್ತು ದಾಟಿದವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ (ಪಿಎಚ್‌ಸಿ) ಬಿಪಿ, ಶುಗರ್ ಜೊತೆಗೆ ಬಾಯಿ ಕ್ಯಾನ್ಸರ್ ತಪಾಸಣೆ ಇದೆ. ಹೆಂಗಸರಿಗೆ ಸ್ತನ ಮತ್ತು ಗರ್ಭಕಂಠದ ತಪಾಸಣೆಯೂ ಇದೆ. ಒಂದು ರೂಪಾಯಿ ಖರ್ಚಿಲ್ಲ. 30ರಿಂದ 65 ವರ್ಷದವರನ್ನು ಐದು ವರ್ಷಕ್ಕೊಮ್ಮೆ ನೋಡಬೇಕು ಅಂತ ಕೇಂದ್ರ ಸರ್ಕಾರ 2016ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. 30ರಿಂದ 49 ವರ್ಷದ ಹೆಂಗಸರಲ್ಲಿ ಗರ್ಭಕಂಠದ ತಪಾಸಣೆ ಒಮ್ಮೆಯಾದರೂ ಮಾಡಿಸಿಕೊಂಡವರು ಇಡೀ ದೇಶದಲ್ಲಿ ಶೇ 1.9 ಅಷ್ಟೇ. ಬಾಯಿ ತೋರಿಸಿದ ಹೆಂಗಸರು ನೂರಕ್ಕೆ ಒಬ್ಬರೂ ಇಲ್ಲ. ಪುಕ್ಕಟೆ ಸಿಗುವ, ಅದೂ ಊರಲ್ಲೇ ಸಿಗುವ ಒಂದು ಸೇವೆ ಇಷ್ಟು ಜನಕ್ಕೆ ಗೊತ್ತೇ ಇಲ್ಲ ಅಂದರೆ ಬೇಜಾರಾಗುತ್ತದೆ.

ನಾನಿರುವುದು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ, ಅಡಿಕೆ ತೋಟದ ಮನೆ. ಇಲ್ಲಿ ಊಟ ಆದಮೇಲೆ ಕವಳ, ಅಂದರೆ ಎಲೆ ಅಡಿಕೆ, ಬೇಕೇ ಬೇಕು. ನೆಂಟರು ಬಂದರೆ ನೀರಿನ ಹಿಂದೆಯೇ ಕವಳದ ತಟ್ಟೆ ಬರುತ್ತದೆ. ಹಾಗಾಗಿ ಈ ಸೇವೆಯಲ್ಲಿ ನಾನು ಮುಖ್ಯವಾಗಿ ನೋಡಿದ್ದು ಬಾಯಿ ತಪಾಸಣೆಯನ್ನ. ಅತ್ತೆಯನ್ನು ಕರೆದುಕೊಂಡು ಹೋಗಿದ್ದೆ.

ಸಿಸ್ಟರ್ ಬಾಯಿ ಮುಕ್ಕಳಿಸಿ ಬರೋಕೆ ಹೇಳಿದರು. ಕೈಗೆ ಗ್ಲೌಸ್ ಹಾಕಿ, ಕಿಟಕಿ ಹತ್ತಿರ ಕೂರಿಸಿ, ಟಾರ್ಚ್ ಬಿಟ್ಟು ನೋಡಿದರು. ಎರಡೂ ಕೆನ್ನೆಯ ಒಳಭಾಗ, ವಸಡು, ನಾಲಿಗೆಯ ಅಂಚು, ನಾಲಿಗೆಯ ಅಡಿ, ಅಂಗುಳ, ಒಂದನ್ನೂ ಬಿಡಲಿಲ್ಲ. ಕೆನ್ನೆಯನ್ನು ಬೆರಳಿಂದ ಒತ್ತಿಯೂ ನೋಡಿದರು. ಆಮೇಲೆ "ಅಮ್ಮ, ನಿಮ್ಮ ಮೂರು ಬೆರಳು ಒಂದರ ಮೇಲೊಂದು ಇಟ್ಟು ಬಾಯೊಳಗೆ ಹಾಕಿ ನೋಡೋಣ" ಅಂದರು. ಎರಡು ಬೆರಳು ಹೋಯಿತು. ಮೂರನೆಯದು ಹೋಗಲೇ ಇಲ್ಲ. "ಖಾರ ತಿಂದರೆ ಉರಿಯುತ್ತಾ?" ಅಂತ ಕೇಳಿದರು. ಉರಿಯುತ್ತಿತ್ತು. ವಯಸ್ಸಾಯಿತು, ಖಾರ ಆಗೋದಿಲ್ಲ ಅಂತ ಅತ್ತೆ ಸಾರನ್ನು ಬೇರೆ ಮಾಡಿಸಿಕೊಂಡು ಉಣ್ಣುತ್ತಿದ್ದರು.

ತಾಲೂಕು ಆಸ್ಪತ್ರೆಗೆ ಚೀಟಿ ಕೊಟ್ಟರು. ಅಲ್ಲಿ ಹಲ್ಲಿನ ಡಾಕ್ಟರು ನೋಡಿ, ಇದು ಸಬ್‌ಮ್ಯೂಕಸ್ ಫೈಬ್ರೋಸಿಸ್, ಕ್ಯಾನ್ಸರ್ ಅಲ್ಲ, ಆದರೆ ಮುಂದೆ ಕ್ಯಾನ್ಸರ್ ಆಗುವ ಅಪಾಯ ಇರುವ ಕಾಯಿಲೆ ಅಂದರು. ಕೆನ್ನೆಯ ಒಳಚರ್ಮ ಗಟ್ಟಿಯಾಗಿ, ಹುರಿ ಹುರಿಯಾಗಿ ಬಾಯಿ ಕಟ್ಟಿಕೊಳ್ಳುತ್ತಾ ಹೋಗುತ್ತದೆ. ಒಮ್ಮೆ ಗಟ್ಟಿಯಾದದ್ದು ಪೂರ್ತಿ ಮೊದಲಿನ ಹಾಗೆ ಆಗುವುದಿಲ್ಲ. ಅಡಿಕೆ ಬಿಡಬೇಕು, ಬಾಯಿ ತೆರೆಯುವ ವ್ಯಾಯಾಮ ಮಾಡಬೇಕು, ಆಗಾಗ ತೋರಿಸಿಕೊಳ್ಳುತ್ತಿರಬೇಕು. ಇದಕ್ಕೆ ಕಾರಣ ತಂಬಾಕಲ್ಲ, ಅಡಿಕೆಯೇ.

ತಪಾಸಣೆಗೆ ಐದಕ್ಕೆ ಐದು ಕೊಡುತ್ತೇನೆ. ಒಂದು ಟಾರ್ಚು, ತರಬೇತಿ ಇರುವ ಒಬ್ಬ ಸಿಸ್ಟರ್, ಕೆಲವೇ ನಿಮಿಷ. ಇಷ್ಟರಿಂದ ಏನಾಗುತ್ತದೆ ಅಂತ ಅನುಮಾನ ಇರುವವರಿಗೆ ಹೇಳುತ್ತೇನೆ, ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರದವರು 1996ರಲ್ಲಿ ಶುರುಮಾಡಿದ ದೊಡ್ಡ ಅಧ್ಯಯನದಲ್ಲಿ ಹೀಗೆ ಕಣ್ಣಲ್ಲಿ ನೋಡಿಯೇ ತಂಬಾಕು, ಮದ್ಯ ಅಭ್ಯಾಸ ಇರುವವರಲ್ಲಿ ಬಾಯಿ ಕ್ಯಾನ್ಸರ್ ಸಾವನ್ನು ಮೂರನೇ ಒಂದು ಭಾಗದಷ್ಟು ಇಳಿಸಿದ್ದರು. 2005ರಲ್ಲಿ ಅದು ಪ್ರಕಟವಾಯಿತು.

ಇನ್ನು ನನ್ನ ದೂರು. ತಪಾಸಣೆಗೆ ಮೊದಲು ಆಶಾ ಕಾರ್ಯಕರ್ತೆ ಮನೆಗೆ ಬಂದು ಒಂದು ಫಾರಂ ತುಂಬಿಸಿಕೊಳ್ಳುತ್ತಾರೆ. ವಯಸ್ಸೆಷ್ಟು, ಸೊಂಟದ ಸುತ್ತಳತೆ ಎಷ್ಟು, ಕುಡಿಯುವ ಅಭ್ಯಾಸ ಇದೆಯಾ, ಮನೆಯಲ್ಲಿ ಯಾರಿಗಾದರೂ ಬಿಪಿ, ಶುಗರ್ ಇದೆಯಾ ಅಂತೆಲ್ಲ ಕೇಳಿ ಅಂಕ ಹಾಕುತ್ತಾರೆ. ನಾಲ್ಕಕ್ಕಿಂತ ಜಾಸ್ತಿ ಬಂದವರನ್ನು ಮೊದಲು ಕಳಿಸಬೇಕು. ಅದರಲ್ಲಿ ಬೀಡಿ, ಸಿಗರೇಟು, ಗುಟ್ಕಾ, ಖೈನಿ ಅಭ್ಯಾಸದ ಪ್ರಶ್ನೆ ಇದೆ. ಬರೀ ಅಡಿಕೆ ಜಗಿಯುತ್ತೀರಾ ಅನ್ನುವ ಪ್ರಶ್ನೆ ಇಲ್ಲ! ನಮ್ಮ ಅತ್ತೆ ಹೊಗೆಸೊಪ್ಪು ಮುಟ್ಟಿದವರಲ್ಲ. ಎಲೆ, ಸುಣ್ಣ, ಅಡಿಕೆ, ಅಷ್ಟೇ. ಹಾಗಾಗಿ ಆ ಸಾಲಿನಲ್ಲಿ ಅವರಿಗೆ ಸೊನ್ನೆ. ಬಾಯಿ ತೆರೆಯೋಕೆ ಕಷ್ಟ ಆಗುತ್ತಾ ಅಂತ ಇನ್ನೊಂದು ಭಾಗದಲ್ಲಿ ಒಂದು ಪ್ರಶ್ನೆ ಇದೆ, ನಿಜ. ಆದರೆ ವರ್ಷಗಟ್ಟಲೆ ನಿಧಾನವಾಗಿ ಕಟ್ಟಿಕೊಂಡ ಬಾಯಿ ಅದು. "ಏನಿಲ್ಲ ಕಣೆ ತಂಗಿ, ಚೆನ್ನಾಗೇ ಊಟ ಮಾಡ್ತೀನಿ" ಅಂತ ಅತ್ತೆ ಹೇಳಿದರು, ಆಶಾ ಅದನ್ನೇ ಬರೆದುಕೊಂಡರು. ಅವರ ತಪ್ಪು ಏನೂ ಇಲ್ಲ. ಕೊಟ್ಟ ಫಾರಂನಲ್ಲಿ ಇದ್ದದ್ದನ್ನು ಕೇಳಿದರು.

ಫಾರಂ ದೇಶಕ್ಕೆಲ್ಲ ಒಂದೇ, ದೆಹಲಿಯಲ್ಲಿ ಆದದ್ದು. ಆದರೆ ಊರಿನ ಬೋರ್ಡು, ಶಾಲೆಯ ಜಾಥಾ, ರೇಡಿಯೋ ಜಾಹೀರಾತು, ರಾಜ್ಯದ ನಿಯಮ, ಇದೆಲ್ಲ ಬೆಂಗಳೂರಿನಲ್ಲಿ ತೀರ್ಮಾನ ಆಗಬಹುದಾದ ವಿಷಯ. ಕರ್ನಾಟಕದಲ್ಲಿ ತಂಬಾಕು ನಿಯಂತ್ರಣಕ್ಕೆ ಒಂದು ಉನ್ನತಾಧಿಕಾರ ಸಮಿತಿ ಇದೆ, ಕ್ಯಾನ್ಸರ್ ವೈದ್ಯರೂ ಅದರಲ್ಲಿ ಇರುತ್ತಾರೆ. ಆರೋಗ್ಯ ಇಲಾಖೆಯಲ್ಲಿ ರಾಜ್ಯ ತಂಬಾಕು ನಿಯಂತ್ರಣ ಕೋಶ ಇದೆ, ಜಿಲ್ಲೆಗಳಲ್ಲೂ ಕೋಶಗಳಿವೆ. ಸಮಿತಿಗೆ ಕಾನೂನು ಮಾಡುವ ಅಧಿಕಾರ ಇಲ್ಲ. ಹೀಗೆ ಮಾಡಿ ಅಂತ ಸಲಹೆ ಕೊಡಬಹುದು, ಬೆನ್ನು ಬೀಳಬಹುದು. ಆಮೇಲೆ ಇಲಾಖೆ ಸುತ್ತೋಲೆ ಹೊರಡಿಸಬೇಕು ಇಲ್ಲವೇ ವಿಧಾನಸಭೆ ಮಸೂದೆ ಪಾಸು ಮಾಡಬೇಕು.

ಈ ದಾರಿಯಲ್ಲಿ ತಂಬಾಕಿನ ವಿಷಯದಲ್ಲಿ ನಮ್ಮ ರಾಜ್ಯ ನಿಜಕ್ಕೂ ಕೆಲಸ ಮಾಡಿದೆ. 2013ರ ಮೇ ಕೊನೆಯಲ್ಲಿ ಗುಟ್ಕಾ ನಿಷೇಧ ಆಯಿತು. ಆಹಾರ ಪದಾರ್ಥದಲ್ಲಿ ತಂಬಾಕು, ನಿಕೋಟಿನ್ ಇರಬಾರದು ಅನ್ನುವ 2011ರ ಆಹಾರ ಸುರಕ್ಷತೆ ನಿಯಮವೇ ಅದಕ್ಕೆ ಆಧಾರ. 2017ರಲ್ಲಿ ಬಿಡಿ ಸಿಗರೇಟು ಮಾರಾಟ ಬೇಡ ಅಂತ ಆದೇಶ ಬಂತು. 2024ರ ಫೆಬ್ರವರಿಯಲ್ಲಿ ಹುಕ್ಕಾ ನಿಷೇಧ ಆಯಿತು. ಅದೇ ತಿಂಗಳು ತಂಬಾಕು ಕೊಳ್ಳುವ ವಯಸ್ಸನ್ನು 18ರಿಂದ 21ಕ್ಕೆ ಏರಿಸುವ ತಿದ್ದುಪಡಿಯೂ ಪಾಸಾಯಿತು. ಸಾರ್ವಜನಿಕ ಜಾಗದಲ್ಲಿ ಸಿಗರೇಟು ಸೇದಿದರೆ ಇದ್ದ 200 ರೂಪಾಯಿ ದಂಡ 1,000ಕ್ಕೆ ಹೋಯಿತು, ಹುಕ್ಕಾ ಬಾರ್ ನಡೆಸಿದರೆ ಒಂದರಿಂದ ಮೂರು ವರ್ಷ ಜೈಲು. ಮೂಲ ಕಾಯ್ದೆ ಕೇಂದ್ರದ್ದು, 2003ರದ್ದು. ಅದನ್ನು ರಾಜ್ಯ ತಿದ್ದಬೇಕಾದರೆ ರಾಷ್ಟ್ರಪತಿಗಳ ಅಂಕಿತ ಬೇಕು. ಅದು ಸಿಕ್ಕಿದ್ದು 2025ರ ಮೇನಲ್ಲಿ. ಒಂದು ಸಲಹೆ ಗೂಡಂಗಡಿಯ ತನಕ ಬರೋಕೆ ಎಷ್ಟು ಕಾಲ ಹಿಡಿಯುತ್ತದೆ ನೋಡಿ.

ಫಲ ಸಿಕ್ಕಿದೆ ಅನ್ನೋದಕ್ಕೂ ಅಂಕಿ ಇದೆ. ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ 2009-10ರಲ್ಲಿ ಕರ್ನಾಟಕದಲ್ಲಿ ಶೇ 28.2 ಜನ ತಂಬಾಕು ಬಳಸುತ್ತಿದ್ದರು. 2016-17ಕ್ಕೆ ಅದು ಶೇ 22.8ಕ್ಕೆ ಇಳಿಯಿತು. ಸಣ್ಣ ಮಾತಲ್ಲ.

ಆದರೆ ಜನಕ್ಕೆ ಎಚ್ಚರಿಕೆ ಹೇಳುವ ನಿಯಮಗಳು ಪ್ಯಾಕೆಟ್ಟಿನ ಸುತ್ತಲೇ ಇವೆ. ಪ್ಯಾಕಿನ ಶೇ 85 ಜಾಗದಲ್ಲಿ ಎಚ್ಚರಿಕೆ ಚಿತ್ರ, ಪ್ಯಾಕಿನ ಮೇಲೆ ತಂಬಾಕು ಬಿಡಲು ನೆರವಾಗುವ ಸಹಾಯವಾಣಿ ನಂಬರು. ನಮ್ಮ ಕಡೆ ಸಂತೆಯಲ್ಲಿ ಹೊಗೆಸೊಪ್ಪು ಮಾರುವವರು ಕಟ್ಟು ಬಿಚ್ಚಿ, ತೂಗಿ, ಪೇಪರಲ್ಲಿ ಸುತ್ತಿ ಕೊಡುತ್ತಾರೆ. ಅದರ ಮೇಲೆ ಚಿತ್ರವೂ ಇಲ್ಲ, ನಂಬರೂ ಇಲ್ಲ. ಗುಟ್ಕಾ ನಿಷೇಧ ಆದಮೇಲೆ ಪಾನ್ ಮಸಾಲಾ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ ಅಂತ ಜೋಡಿಯಾಗಿ ಬಂದದ್ದು ಎಲ್ಲರಿಗೂ ಗೊತ್ತು. ಕೊಂಡವರು ಬೆರೆಸಿ ಬಾಯಿಗೆ ಹಾಕಿಕೊಂಡರೆ ಮತ್ತೆ ಅದೇ ಗುಟ್ಕಾ.

ಆ ಸಹಾಯವಾಣಿ ಬಗ್ಗೆಯೂ ಒಂದು ಮಾತು, ಯಾಕೆಂದರೆ ಅದು ಒಳ್ಳೆಯ ಸೇವೆ. 1800-11-2356. 2018ರಿಂದ ಪ್ಯಾಕ್ ಮೇಲೆ ಈ ನಂಬರ್ ಬರುತ್ತಿದೆ. ಬೆಂಗಳೂರಿನ ನಿಮ್ಹಾನ್ಸ್ ಕೂಡ ಅದರ ಒಂದು ಕೇಂದ್ರ, ಹಾಗಾಗಿ ಕನ್ನಡದಲ್ಲೇ ಮಾತಾಡಬಹುದು. ಬಿಡುವ ದಿನ ಗೊತ್ತು ಮಾಡಿಸುತ್ತಾರೆ, ಆಮೇಲೆ ಅವರೇ ಮತ್ತೆ ಫೋನ್ ಮಾಡಿ ವಿಚಾರಿಸುತ್ತಾರೆ. ಹೊಗೆಸೊಪ್ಪು ಬಿಡಬೇಕು ಅಂತ ಮನಸ್ಸು ಮಾಡಿದವರು ಉಪಯೋಗಿಸಿ.

ಈಗ ಅಡಿಕೆಗೆ ಬರೋಣ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ತಂಬಾಕು ಇಲ್ಲದ ಎಲೆ ಅಡಿಕೆಯೂ, ಬರೀ ಅಡಿಕೆಯೂ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಅಂತ ಮೊದಲ ಗುಂಪಿಗೆ ಸೇರಿಸಿತು. ಅದೇ ಸಂಸ್ಥೆಯ 2024ರ ಲೆಕ್ಕದಲ್ಲಿ, 2022ರಲ್ಲಿ ಜಗತ್ತಿನಲ್ಲಿ ಕಂಡುಬಂದ ಸುಮಾರು 3,89,800 ಬಾಯಿ ಕ್ಯಾನ್ಸರ್ ಪ್ರಕರಣಗಳಲ್ಲಿ 1,20,200ಕ್ಕೆ ಜಗಿಯುವ ತಂಬಾಕು ಮತ್ತು ಅಡಿಕೆ ಕಾರಣ. ಅದರಲ್ಲಿ 83,400 ಭಾರತದ್ದೇ. ಇಷ್ಟೆಲ್ಲ ಇದ್ದೂ ನಮ್ಮ ಪಿಎಚ್‌ಸಿ ಗೋಡೆಯ ಮೇಲೆ ಸಿಗರೇಟಿನ ಚಿತ್ರ ಇದೆ, ಬೀಡಿಯ ಚಿತ್ರ ಇದೆ, ಅಡಿಕೆ ಅನ್ನುವ ಮಾತೇ ಇಲ್ಲ. ನಮ್ಮೂರಲ್ಲಿ ಸಿಗರೇಟು ಸೇದುವ ಹೆಂಗಸರು ಒಬ್ಬರೂ ಇಲ್ಲ. ಕವಳ ಹಾಕದ ಅಜ್ಜಿಯನ್ನು ಹುಡುಕಬೇಕು. ಮತ್ತೆ ಆ ಬೋರ್ಡು ಯಾರಿಗೆ?

ಯಾಕೆ ಹೇಳುವುದಿಲ್ಲ ಅಂತ ನನಗೆ ಅರ್ಥ ಆಗುತ್ತದೆ. ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ ನಮ್ಮದು. ಶಿವಮೊಗ್ಗ, ದಾವಣಗೆರೆ, ಚಿಕ್ಕಮಗಳೂರು, ಉತ್ತರ ಕನ್ನಡ, ದಕ್ಷಿಣ ಕನ್ನಡ, ಇಷ್ಟೂ ಕಡೆ ಮನೆ ನಡೆಯುವುದು, ಮಕ್ಕಳ ಫೀಸು ಕಟ್ಟುವುದು, ಮದುವೆ ಮಾಡುವುದು ಎಲ್ಲ ಅಡಿಕೆ ದುಡ್ಡಲ್ಲಿ. ನಮ್ಮ ಮನೆಯೂ ಹಾಗೇ. ಕ್ಯಾನ್ಸರ್ ಅಂತ ಒಂದು ಸುದ್ದಿ ಬಂದರೆ ಸಾಕು, ರೇಟು ಬಿದ್ದು ಹೋಗುತ್ತೇನೋ ಅಂತ ಊರಿಗೆ ಊರೇ ಹೆದರುತ್ತದೆ. ಕೊಳೆ ರೋಗ, ಎಲೆಚುಕ್ಕೆ ರೋಗ, ಕೊನೆ ತೆಗೆಯೋಕೆ ಜನ ಸಿಗದಿರುವುದು, ಇದೆಲ್ಲದರ ಮೇಲೆ ಇನ್ನೊಂದು. ಯಾವ ಪಕ್ಷದವರೂ ಇಲ್ಲಿಗೆ ಬಂದು ಅಡಿಕೆ ವಿರುದ್ಧ ಮಾತಾಡುವುದಿಲ್ಲ. ತಂಬಾಕು ಬೆಳೆಯುವ ಹುಣಸೂರು, ಪಿರಿಯಾಪಟ್ಟಣದ ರೈತರಿಗೂ ಇದೇ ಸಂಕಟ ಇದೆ, ಆದರೂ ತಂಬಾಕಿನ ಬಗ್ಗೆ ರಾಜ್ಯ ಬಾಯಿಬಿಟ್ಟು ಹೇಳಿತು, ಅಲ್ವಾ?

ನಾನು ನಿಷೇಧ ಕೇಳುತ್ತಿಲ್ಲ. ತೋಟ ಕಡಿಯಿರಿ ಅಂತಲೂ ಅಲ್ಲ. ಪೂಜೆಗೆ, ತಾಂಬೂಲಕ್ಕೆ ಇಡುವ ಅಡಿಕೆಯಿಂದ ಯಾರಿಗೂ ಏನೂ ಆಗುವುದಿಲ್ಲ. ದಿನಕ್ಕೆ ಹತ್ತಾರು ಸಲ ಜಗಿದು, ಕೆನ್ನೆಯಲ್ಲಿ ಇಟ್ಟುಕೊಂಡು ಮಲಗುವುದರ ಅಪಾಯವನ್ನು ಜನಕ್ಕೆ ಹೇಳಿ ಅಂತ ಕೇಳುತ್ತಿದ್ದೇನೆ. ಬೋರ್ಡಿನಲ್ಲಿ ಒಂದು ಸಾಲು ಬರಲಿ. ಅಡಿಕೆ ಜಿಲ್ಲೆಗಳಲ್ಲಾದರೂ ಆಶಾ ಫಾರಂ ಜೊತೆ ಒಂದು ಪ್ರಶ್ನೆ ಜಾಸ್ತಿ ಕೇಳಲಿ. ಶಾಲೆ ಮಕ್ಕಳು ಗೂಡಂಗಡಿಯಲ್ಲಿ ಕೊಂಡು ತಿನ್ನುವ ಸಿಹಿ ಅಡಿಕೆ ಪೊಟ್ಟಣದ ಬಗ್ಗೆ ಮೇಷ್ಟ್ರು ಮಾತಾಡಲಿ. ಇಷ್ಟಕ್ಕೆ ರಾಷ್ಟ್ರಪತಿಗಳ ಅಂಕಿತ ಬೇಕಿಲ್ಲ, ಒಂದು ಸುತ್ತೋಲೆ ಸಾಕು.

ಜನಕ್ಕೆ ಹೇಳಿದರೆ ಕೇಳುವುದಿಲ್ಲ ಅನ್ನುವವರು ಗೋಬಿ ಮಂಚೂರಿ ನೆನಪು ಮಾಡಿಕೊಳ್ಳಲಿ. 2024ರ ಮಾರ್ಚ್‌ನಲ್ಲಿ ಗೋಬಿಯ 171 ಸ್ಯಾಂಪಲ್ ಪರೀಕ್ಷೆ ಮಾಡಿ 107ರಲ್ಲಿ ಕೃತಕ ಬಣ್ಣ ಇದೆ ಅಂತ ಸರ್ಕಾರ ಹೇಳಿತು. ಬಟ್ಟೆಗೆ ಹಾಕುವ ರೋಡಮೈನ್-ಬಿ ಬಗ್ಗೆ ಆರೋಗ್ಯ ಸಚಿವರೇ ಮಾಧ್ಯಮದವರ ಮುಂದೆ ಕೂತು ಹೇಳಿದರು. ನಮ್ಮ ಸಾಗರದ ಗಾಡಿಗಳಲ್ಲೂ ಗೋಬಿ ಕಂದು ಬಣ್ಣಕ್ಕೆ ತಿರುಗಿತು, ಗಿರಾಕಿಗಳೇ "ಕಲರ್ ಹಾಕಿಲ್ಲ ತಾನೇ?" ಅಂತ ಕೇಳೋಕೆ ಶುರು ಮಾಡಿದರು. ಸ್ಪಷ್ಟವಾಗಿ, ಅಂಕಿ ಇಟ್ಟು ಹೇಳಿದರೆ ಜನ ಕೇಳುತ್ತಾರೆ.

ಹೆಂಗಸರ ತಪಾಸಣೆ ಬಗ್ಗೆ. ಗರ್ಭಕಂಠಕ್ಕೆ ಮಾಡುವುದು ವಿಐಎ ಪರೀಕ್ಷೆ. ವಿನೆಗರ್ ಥರದ ತೆಳು ಆಮ್ಲವನ್ನು ಹತ್ತಿಯಲ್ಲಿ ಹಚ್ಚಿ ಒಂದು ನಿಮಿಷ ಕಾಯುತ್ತಾರೆ. ಸಂಶಯದ ಜಾಗ ಬೆಳ್ಳಗಾಗುತ್ತದೆ. ಅಲ್ಲೇ ಗೊತ್ತಾಗುತ್ತದೆ, ರಿಪೋರ್ಟಿಗೆ ಕಾಯಬೇಕಿಲ್ಲ. ನೋವಿಲ್ಲ, ಸ್ವಲ್ಪ ಮುಜುಗರ. ಸ್ತನವನ್ನು ಸಿಸ್ಟರ್ ಕೈಯಲ್ಲಿ ಮುಟ್ಟಿ ನೋಡಿ, ಮನೆಯಲ್ಲಿ ನಾವೇ ಹೇಗೆ ನೋಡಿಕೊಳ್ಳಬೇಕು ಅಂತಲೂ ತೋರಿಸಿಕೊಟ್ಟರು. ಆದರೆ ನಾನು ಹೋದಲ್ಲಿ ಕೋಣೆಗೆ ಸರಿಯಾದ ಪರದೆ ಇರಲಿಲ್ಲ, ಬಾಗಿಲಿನ ಚಿಲಕ ಕೆಟ್ಟಿತ್ತು, ಇನ್ನೊಬ್ಬರು ಬಾಗಿಲು ಹಿಡಿದು ನಿಲ್ಲಬೇಕಾಯಿತು. ನನ್ನ ಜೊತೆ ಬಂದಿದ್ದ ಪಕ್ಕದ ಮನೆಯವರು ಅದನ್ನು ನೋಡಿಯೇ ಬೇಡ ಅಂತ ವಾಪಸ್ ಹೋದರು. ಎಷ್ಟು ಪ್ರಚಾರ ಮಾಡಿ ಕರೆತಂದರೂ ಒಂದು ಚಿಲಕ ಸರಿ ಇಲ್ಲದೆ ಒಬ್ಬ ಹೆಂಗಸು ತಪ್ಪಿಹೋಗುತ್ತಾಳೆ. ಇದಕ್ಕೆ ಐದಕ್ಕೆ ಮೂರು.

ಹೋಗುವವರಿಗೆ ಕೆಲವು ಮಾತು. ವಿಐಎ ತರಬೇತಿ ಆದ ಸಿಸ್ಟರ್ ದಿನಾ ಇರುವುದಿಲ್ಲ, ಯಾವ ದಿನ ಅಂತ ಆಶಾ ಹತ್ತಿರ ಕೇಳಿಕೊಂಡು ಹೋಗಿ. ಮುಟ್ಟಿನ ದಿನಗಳಲ್ಲಿ ಬೇಡ. ಬಾಯಿ ತೋರಿಸುವವರು ಬೆಳಿಗ್ಗೆಯಿಂದ ಕವಳ ಹಾಕದೆ ಹೋಗಿ, ಬಾಯೆಲ್ಲ ಕೆಂಪಾಗಿದ್ದರೆ ಮಚ್ಚೆ ಕಾಣಿಸುವುದಿಲ್ಲ. ಅಡಿಕೆ ಜಗಿಯುತ್ತೇನೆ ಅಂತ, ಅವರು ಕೇಳದಿದ್ದರೂ, ನೀವೇ ಹೇಳಿ. ಎರಡು ವಾರ ಆದರೂ ವಾಸಿಯಾಗದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಮೂರು ಬೆರಳು ಹೋಗದ ಬಾಯಿ, ಇವು ಇದ್ದರೆ ಶಿಬಿರಕ್ಕೆ ಕಾಯಬೇಡಿ, ನಾಳೆಯೇ ತಾಲೂಕು ಆಸ್ಪತ್ರೆಯ ಹಲ್ಲಿನ ಡಾಕ್ಟರಿಗೆ ತೋರಿಸಿ.