ರೌಟರ್ ಡಿಸ್ಕ್, ಹಳೇ ಪಿಸಿ, ನ್ಯಾಸ್ ಬಾಕ್ಸ್: ಮೂರೂ ನಡೆಸಿ ನೋಡಿದ ಮ್ಯಾಲೆ

ಎರಡು ಪಿಸಿಗೂ ಒಂದ ಫೋಲ್ಡರ್ ಹಂಚಾಕ ಈ ಮೂರರಾಗ ಯಾವುದು ಛಲೋ? ಮೊದ್ಲ ಹೇಳಿಬಿಡ್ತೀನಿ, ನನ್ನ ವೋಟು ಎರಡು ಡಿಸ್ಕ್ ಹಾಕೋ ರೆಡಿ ನ್ಯಾಸ್ ಬಾಕ್ಸಿಗೆ, ಅಂದ್ರ ನೆಟ್‌ವರ್ಕಿಗೆ ಜೋಡಿಸಿ ಎಲ್ಲಾ ಪಿಸಿಯಿಂದ ಬಳಸೋ ಡಿಸ್ಕ್ ಪೆಟ್ಟಿಗಿಗೆ. ಬಾಗಲಕೋಟಿ ನವನಗರದಾಗ ನಮ್ಮ ಫೋಟೋ ಸ್ಟುಡಿಯೋ ಐತಿ, ಮದುವಿ ಸೀಜನ್ನಾಗ ನಾ ಒಂದು ಪಿಸಿ ಮ್ಯಾಲೆ ವಿಡಿಯೋ ಎಡಿಟ್ ಮಾಡ್ತಿರ್ತೀನಿ, ತಮ್ಮ ಇನ್ನೊಂದರ ಮ್ಯಾಲೆ ಆಲ್ಬಮ್ ಮಾಡ್ತಿರ್ತಾನ, ಇಬ್ಬರಿಗೂ ಅದ ಫೋಲ್ಡರ್ ಬೇಕು.

ರೌಟರಿನ ಯುಎಸ್‌ಬಿ ಪೋರ್ಟಿಗೆ ಹಾರ್ಡ್‌ಡಿಸ್ಕ್ ಹಾಕೋದು ಎಲ್ಲಾಕ್ಕಿಂತ ಸೋವಿ, ಡಿಸ್ಕ್ ಇದ್ರ ಬ್ಯಾರೆ ರೊಕ್ಕಾನ ಬ್ಯಾಡ. ಆದ್ರ ನಮ್ಮ ರೌಟರಿನ್ಯಾಗ ಹಾಕಿದ ಡಿಸ್ಕ್ ಹಳೇ ವಿಂಡೋಸ್ 7 ಪಿಸಿಯಾಗ ಕಾಣತೈತಿ, ಹೊಸಾ ಪಿಸಿಯಾಗ ಏನ್ ಮಾಡಿದ್ರೂ ಕಾಣಂಗಿಲ್ಲ. ಕೇಬಲ್ ಬದಲಿ ಮಾಡು, ಪಾಸ್‌ವರ್ಡ್ ಬದಲಿ ಮಾಡು, ಫೈರ್‌ವಾಲ್ ಬಂದ್ ಮಾಡು, ಎಲ್ಲಾ ಆತು. ಕಾರಣ ಏನಂದ್ರ ಅಂಥಾ ರೌಟರ್‌ಗಳು ಫೈಲ್ ಹಂಚಾಕ ಎಸ್ಎಂಬಿ1 ಅನ್ನೋ ಹಳೇ ಪದ್ಧತಿ ಅಷ್ಟ ಬಲ್ಲವು, ವಿಂಡೋಸ್ 10 ಒಳಗ 2017ರ ಕೊನಿಗೆ ಬಂದ ಅಪ್‌ಡೇಟಿನಿಂದ ಅದು ತಾನಾಗೇ ಇನ್‌ಸ್ಟಾಲ್ ಆಗಂಗಿಲ್ಲ.

ವಿಂಡೋಸ್ ಫೀಚರ್ಸ್‌ನ್ಯಾಗ ಹೋಗಿ ಟಿಕ್ ಹಾಕಿದ್ರ ಚಾಲೂ ಆಗತೈತಿ ಅಂತ ಎಲ್ಲಾರೂ ಹೇಳ್ತಾರ, ಆಗತೈತಿ ಖರೆ, ಆದ್ರ ದಯವಿಟ್ಟು ಹಾಕಬ್ಯಾಡ್ರಿ. 2017ರ ಮೇ ತಿಂಗಳಾಗ ವಾನಾಕ್ರೈ ವೈರಸ್ ಜಗತ್ತಿನ ತುಂಬಾ ಹಬ್ಬಿದ್ದು ಇದ ಎಸ್ಎಂಬಿ1ರ ತೂತಿನಿಂದ. ಸ್ಟುಡಿಯೋ ಅಂದ್ರ ದಿನಾ ಕಂಡಕಂಡವರ ಪೆನ್‌ಡ್ರೈವ್ ಬರೋ ಜಾಗಾ, ಯಾರದೋ ಮದುವಿ ಫೋಟೋ ನಮ್ಮ ಕೈಯಾಗ ಇರತಾವು, ಅವು ಹೋದ್ರ ಮತ್ತ ತಗಿಯಾಕ ಆಗಂಗಿಲ್ಲ. ಇದೊಂದ ಕಾರಣಕ್ಕ ರೌಟರ್ ಡಿಸ್ಕ್ ನನ್ನ ಲಿಸ್ಟಿನಿಂದ ಹೊರಗ.

ಹಳೇ ಪಿಸಿಗೆ ಓಪನ್‌ಮೀಡಿಯಾವಾಲ್ಟ್ ಹಾಕೋದು ಛಲೋ ದಾರಿ, ಪಿಸಿನ ನ್ಯಾಸ್ ಮಾಡೋ ಪುಕ್ಕಟೆ ಸಾಫ್ಟ್‌ವೇರ್, ಸ್ಪೀಡೂ ಬಾಕ್ಸಿನಷ್ಟ ಬರತೈತಿ. ಅಂಥಾದ ಇನ್ನೊಂದು ಸಾಫ್ಟ್‌ವೇರ್ ಟ್ರೂನ್ಯಾಸ್ ಹಾಕೋದಾದ್ರ 8 ಜಿಬಿ ರ‍್ಯಾಮ್ ಬೇಕ ಬೇಕು. ತೊಂದ್ರಿ ಕರೆಂಟಿಂದು. ಪಿಸಿ 50 ವ್ಯಾಟ್ ತಿಂದ್ರೂ 24 ತಾಸು ಚಾಲೂ ಇಟ್ರ ತಿಂಗಳಿಗೆ 36 ಯೂನಿಟ್, 20 ವ್ಯಾಟಿನ ಬಾಕ್ಸಿಗೆ 15ರೊಳಗ. ನಮ್ಮ ಕಡೆ ಬ್ಯಾಸಿಗ್ಯಾಗ 40 ಡಿಗ್ರಿ, ಅದರಾಗ ಸಣ್ಣ ಖೋಲಿಯೊಳಗ ಇನ್ನೊಂದು ಪಿಸಿ ಬಿಸಿ ಯಾರಿಗ್ ಬೇಕ್ರಿ. ಮತ್ತ ನಾ ಬಾದಾಮಿಗೆ ಶೂಟಿಂಗ್ ಹೋದಾಗ ಅದು ಕೈಕೊಟ್ರ ತಮ್ಮಗ ರಿಪೇರಿ ಬರಂಗಿಲ್ಲ, ಅವ ಫೋನ್ ಮಾಡ್ತಾನ, ನಾ ಇತ್ತ ಮಂಟಪದಾಗ ನಿಂತಿರ್ತೀನಿ.

ಬಾಕ್ಸಿನ್ಯಾಗ ಎರಡು 4 ಟಿಬಿ ಡಿಸ್ಕ್ ರೇಡ್ 1 ಹಾಕೀವಿ, ಒಂದರ ನಕಲು ಇನ್ನೊಂದು, ಸಿಗೋ ಜಾಗಾ 4 ಟಿಬಿ ಅಷ್ಟ. ನನಗ ಭಾಳ ಹಿಡಿಸಿದ್ದು ಯುಪಿಎಸ್ ವಿಚಾರ: ಯುಪಿಎಸ್‌ನಿಂದ ಬಾಕ್ಸಿಗೆ ಯುಎಸ್‌ಬಿ ವೈರ್ ಜೋಡಿಸಿದ್ರ ಕರೆಂಟ್ ಹೋಗಿ ಬ್ಯಾಟರಿ ಇಳಿದಾಗ ಬಾಕ್ಸ್ ತಾನ ಫೈಲ್ ಎಲ್ಲಾ ಸರಿಯಾಗಿ ಮುಚ್ಚಿ ಬಂದ್ ಆಗತೈತಿ. ಸೋವಿ ಯುಪಿಎಸ್‌ಗೆ ಆ ಪೋರ್ಟ್ ಇರಂಗಿಲ್ಲ, ಅಂಗಡ್ಯಾಗ ಕೇಳಿ ತಗೋರಿ.

ಬಾಕ್ಸಿನ್ಯಾಗ ಐಸ್ಕಜಿ (iSCSI) ಅನ್ನೋ ಆಪ್ಷನ್ ಕಾಣತೈತಿ, ಅದು ಬಾಕ್ಸಿನ ಜಾಗಾನ ಪಿಸಿಗೆ ತನ್ನ ಸ್ವಂತ ಡಿಸ್ಕ್‌ನಂಗ ತೋರಸ್ತೈತಿ, ಇಬ್ಬರು ಒಂದ ಡಿಸ್ಕ್ ಬಳಸೋರು ಅದರ ಸುದ್ದಿಗೆ ಹೋಗಬ್ಯಾಡ್ರಿ, ಎರಡು ಪಿಸಿ ಒಮ್ಮಿಗೇ ಬರದ್ರ ಎನ್‌ಟಿಎಫ್‌ಎಸ್, ಅಂದ್ರ ವಿಂಡೋಸ್ ಡಿಸ್ಕಿನ್ಯಾಗ ಫೈಲ್ ಜೋಡಿಸಿಡೋ ವ್ಯವಸ್ಥಾ, ಕೆಡತೈತಿ.

ಪಿಸಿ, ಬಾಕ್ಸ್ ಎಲ್ಲಾ ಜೋಡಿಸೋ ನೆಟ್‌ವರ್ಕ್ ಸ್ವಿಚ್ ಗಿಗಾಬಿಟ್ (1000 ಎಂಬಿಪಿಎಸ್) ಇರಲಿ. 50 ಜಿಬಿ ಕಾಪಿಗೆ ಅದರಾಗ ಎಂಟು ನಿಮಿಷ, 100 ಎಂಬಿಪಿಎಸ್ ಸ್ವಿಚ್ಚಿನ್ಯಾಗ ತಾಸು ದಾಟತೈತಿ. ಡಿಸ್ಕ್ ತಗೊಳ್ಳುವಾಗ ಎಸ್ಎಂಆರ್ (ಡೇಟಾ ಸಾಲು ಒಂದರ ಮ್ಯಾಲೊಂದು ಹತ್ತಿಸಿ ಬರಿಯೋದು, ಬರಿಯೋದು ನಿಧಾನ ಆಗತೈತಿ) ಬ್ಯಾಡ, ಸಿಎಂಆರ್ (ಸಾಲು ಬ್ಯಾರೆ ಬ್ಯಾರೆ ಇರೋದು) ನೋಡ್ರಿ.

ಹಾಂ, ರೇಡ್ ಅಂದ್ರ ಬ್ಯಾಕಪ್ ಅಲ್ಲ, ಒಂದರಾಗ ಡಿಲೀಟ್ ಆದ್ರ ಎರಡರಾಗೂ ಡಿಲೀಟ್, ಅದಕ್ಕ ಇನ್ನೊಂದು ಪೋರ್ಟಬಲ್ ಡಿಸ್ಕಿಗೆ ಕಾಪಿ ತಗದು ಮನ್ಯಾಗ ಇಡ್ತೀವಿ. ಒಬ್ಬರ ಕುಂತು ಕೆಲಸ ಮಾಡೋರಿಗೆ ಮಾತ್ರ ಬಾಕ್ಸಿನ ಖರ್ಚು ಬ್ಯಾಡ ಅಂತೀನಿ, ಎರಡು ಯುಎಸ್‌ಬಿ 3 ಡಿಸ್ಕ್ ನೇರ ಪಿಸಿಗೆ ಹಾಕ್ಕೊಂಡು ಎರಡರಾಗೂ ಕಾಪಿ ಇಟ್ರ ಸಾಕು.